ಜೊಂಡುಕೊಳದ ಮೀನುಗಳು

ಕೊಳದಲ್ಲಿ ಒಂದೇ ಒಂದು ಮೀನೂ ಬದುಕಿರಲಿಲ್ಲ.

ನಾವು ಮೆಟ್ಟಿಲಿಳಿದು ಬಂದಾಗ ಬೆಳಗಿನ ಒಂಬತ್ತು ಗಂಟೆ. ಅಂಗೈಯಗಲದ ಮೀನುಗಳು, ನೂರಕ್ಕೂ ಹೆಚ್ಚು, ಹೊಟ್ಟೆ ಉಬ್ಬಿಸಿಕೊಂಡು ಅಂಗಾತ ತೇಲುತ್ತಿದ್ದವು. ಬ್ಲೀಚಿಂಗ್ ಪುಡಿಯ ಘಾಟು ಮೂಗಿಗೆ ಬಡಿಯಿತು. ದಡದ ಕಲ್ಲುಗಳಿಗೆ ಬಿಳಿ ಪುಡಿ ಒದ್ದೆಯಾಗಿ ಮೆತ್ತಿಕೊಂಡಿತ್ತು.

"ಯಾರೋ ಬೇಕಂತಲೇ ಮಾಡಿದಾರೆ ಮೇಡಂ," ಎಂದ ಮ್ಯಾನೇಜರು. "ಅದೂ ಇವತ್ತೇ! ನೀವು ಬರೋ ದಿನಾನೇ!"

ಮೇಡಂ ನೀರಿನ ಅಂಚಿಗೆ ಹೋದರು. ಮೊಣಕಾಲೂರಿ ಕುಳಿತು ಮೀನುಗಳನ್ನು ನೋಡತೊಡಗಿದರು.

ಮೇಡಂ ಎಂದರೆ ಪರಿಸರಸ್ನೇಹಿ ಹೋಟೆಲು, ಲಾಡ್ಜುಗಳ ತಪಾಸಣಾಧಿಕಾರಿ. ಅವರು ಒಪ್ಪಿದರೆ ಮಾತ್ರ ಲಾಡ್ಜಿಗೆ ಹಸಿರು ಮುದ್ರೆ. ಆ ಮುದ್ರೆ ನೋಡಿಯೇ ದೂರ ದೂರದ ದೇಶಗಳ ಪ್ರವಾಸಿಗರು ರಜೆ ಕಳೆಯಲು ಜಾಗ ಆರಿಸುತ್ತಾರೆ. ನಾನು ಅವರ ಸಹಾಯಕ. ಒಂಬತ್ತು ವರ್ಷದಿಂದ ಅವರ ಸೀಸೆಗಳ ಪೆಟ್ಟಿಗೆ ಹೊರುತ್ತಿದ್ದೇನೆ.

ಗುಡ್ಡದ ಇಳಿಜಾರಿನಲ್ಲಿ ಹನ್ನೆರಡು ಮಣ್ಣಿನ ಕುಟೀರಗಳು. ಆರು ಹಳೆಯವು, ಆರು ಹೊಸವು. ಬಿಸಿಲಿನಿಂದ ವಿದ್ಯುತ್ತು. ಬಚ್ಚಲು, ಶೌಚಾಲಯ, ಅಡುಗೆಮನೆಯ ನೀರೆಲ್ಲ ಜಲ್ಲಿ ತುಂಬಿ ಜೊಂಡು ಬೆಳೆಸಿದ ಮಡಿಗಳಲ್ಲಿ ಮೂರು ದಿನ ಸೋಸಿಕೊಂಡು, ಕೊನೆಗೆ ಈ ಕೊಳ ಸೇರುತ್ತದೆ. ಮೀನು ಬದುಕುವಷ್ಟು ಶುದ್ಧ ನೀರು ಎಂಬುದೇ ಈ ಲಾಡ್ಜಿನ ಹೆಮ್ಮೆ. ಹತ್ತು ವರ್ಷ ಬೆವರು ಸುರಿಸಿ ಇದನ್ನು ಕಟ್ಟಿದವರು ಒಡತಿ, ಎಲ್ಲರಿಗೂ 'ಅಕ್ಕ'. ಮ್ಯಾನೇಜರು ಅವರ ಒಡಹುಟ್ಟಿದ ತಮ್ಮ.

ಅಕ್ಕ ಕೆಳಗೆ ಬಂದಿರಲಿಲ್ಲ. ಕಾಲು ಉಳುಕಿ ವಾರವಾಗಿತ್ತು. ಮೆಟ್ಟಿಲ ತುದಿಯಲ್ಲಿ ಕೋಲೂರಿ ನಿಂತು ಕೂಗಿ ಕೇಳಿದರು: "ಎಲ್ಲಾನೂ ಸತ್ತಿವೆಯಾ?"

"ಎಲ್ಲಾನೂ ಅಕ್ಕಾ!" ತಮ್ಮ ಕೂಗಿ ಹೇಳಿದ. ಅಕ್ಕ ಅಲ್ಲೇ ಮೆಟ್ಟಿಲ ಮೇಲೆ ಕೂತರು.

"ಯಾರ ಮೇಲಾದ್ರೂ ಅನುಮಾನ ಇದೆಯಾ?" ಮೇಡಂ ಕೇಳಿದರು.

"ಅನುಮಾನ ಏನ್ ಬಂತು? ಬನ್ನಿ, ತೋರಿಸ್ತೀನಿ."

ಬಟ್ಟೆ ಒಗೆಯುವ ಕೋಣೆಗೆ ಕರೆದೊಯ್ದ. ತೊಟ್ಟಿಯ ಹಿಂದೆ ಕೈ ಹಾಕಿ ಎರಡು ಖಾಲಿ ಚೀಲ ಎಳೆದ. ಹುಡುಕಲೂ ಇಲ್ಲ, ತಡಕಲೂ ಇಲ್ಲ. ಇಟ್ಟ ಜಾಗದಿಂದ ತೆಗೆದ ಹಾಗೆ ತೆಗೆದ. ಚೀಲದ ಮೇಲೆ ಬ್ಲೀಚಿಂಗ್ ಪುಡಿಯ ಹೆಸರು.

ಬಟ್ಟೆ ಒಗೆಯುವ ಹೆಂಗಸಿಗೆ ಐವತ್ತೈದು ದಾಟಿತ್ತು. ಎಲ್ಲರೂ 'ದೊಡ್ಡಮ್ಮ' ಎನ್ನುತ್ತಿದ್ದರು. ಹಾಸಿಗೆ ಬಟ್ಟೆ ಹಿಂಡುತ್ತಿದ್ದವಳು ಹಾಗೇ ನಿಂತುಬಿಟ್ಟಳು.

"ನನ್ನದಲ್ಲ ಅದು."

"ನಿನ್ನದಲ್ಲದೆ ಇನ್ಯಾರದು? ನಿನ್ನೆ ಊಟದ ಮನೇಲಿ ಅತಿಥಿಗಳ ಮುಂದೆ ಅಕ್ಕನಿಗೆ ಏನಂದೆ? ಹೇಳು!"

ದೊಡ್ಡಮ್ಮ ತಲೆ ತಗ್ಗಿಸಿದಳು. "ಕಾಫಿ ಕಲೆ ಹೋಗ್ತಿಲ್ಲ, ಕೈ ಬಿರಿದು ರಕ್ತ ಬರ್ತಿದೆ, ಒಂದ್ ಚೂರು ಬ್ಲೀಚಿಂಗ್ ಕೊಡ್ಸಿ ಅಂದೆ. ಜೊಂಡು ಸಾಯತ್ತೆ, ಕೊಡಲ್ಲ ಅಂದ್ರು. ಸಿಟ್ಟಲ್ಲಿ, 'ನಿಮ್ಮ ಹಸಿರು ಹಾಳಾಗ್ಲಿ' ಅಂದುಬಿಟ್ಟೆ. ಅಂದಿದ್ದು ನಿಜ. ಆದ್ರೆ ಮೀನು ಸಾಯಿಸೋಳಲ್ಲ ನಾನು."

"ಕೇಳಿದ್ರಾ ಮೇಡಂ? ಬಾಯಲ್ಲೇ ಒಪ್ಕೊಂಡ್ಲು. ಇವತ್ತೇ ಗಂಟುಮೂಟೆ ಕಟ್ಟಿಸ್ತೀನಿ."

ನನಗೂ ಅವಳ ಮೇಲೆಯೇ ಅನುಮಾನ ಬಲವಾಯಿತು. ಸಿಟ್ಟಿತ್ತು, ಶಾಪ ಹಾಕಿದ್ದಳು, ಚೀಲವೂ ಸಿಕ್ಕಿತು. ಇನ್ನೇನು ಬೇಕು?

ಮೇಡಂ ಮಾತ್ರ ಕೋಣೆಯ ಚರಂಡಿಯತ್ತ ಬಗ್ಗಿದರು. "ಈ ನೀರು ಎಲ್ಲಿಗೆ ಹೋಗತ್ತೆ?"

"ಮೊದಲನೇ ಜೊಂಡಿನ ಮಡಿಗೆ," ಎಂದಳು ದೊಡ್ಡಮ್ಮ.

ಹೋಗಿ ನೋಡಿದೆವು. ಜೊಂಡು ಹಚ್ಚಗೆ ನಿಂತಿತ್ತು. ಕಪ್ಪೆಗಳು ನಮ್ಮ ಸದ್ದಿಗೆ ಪುಳಕ್ಕನೆ ಹಾರಿದವು.

"ಅಂದ್ರೆ ವಿಷ ಚರಂಡಿಯಿಂದ ಬಂದಿದ್ದಲ್ಲ," ಎಂದರು ಮೇಡಂ ನನಗಷ್ಟೇ ಕೇಳುವಂತೆ. "ನೇರ ಕೊಳಕ್ಕೇ ಸುರಿದಿದ್ದು."

"ಹೊತ್ಕೊಂಡು ಹೋಗಿ ಸುರಿದಿರಬಹುದಲ್ಲ?"

"ಸುರಿಯೋಕೆ ಚರಂಡಿ ಕಾಲಬುಡದಲ್ಲೇ ಇರೋವಾಗ ನೂರು ಮೆಟ್ಟಿಲು ಯಾಕೆ ಇಳೀತಾಳೆ?"

ಅಷ್ಟರಲ್ಲಿ ಗೇಟಿನಿಂದ ಒಬ್ಬ ಮುದುಕ ಚೀಲ ಹಿಡಿದು ಬಂದ. ತೋಟದ ತಾತ. ಕೊಳ ತೋಡಿದವನೂ ಮೀನು ಸಾಕಿದವನೂ ಅವನೇ. ಸುದ್ದಿ ಕೇಳಿ ಕೊಳಕ್ಕೆ ಓಡಿದ; ನಾವೂ ಹಿಂದೆಯೇ ಇಳಿದೆವು. ದಡದಲ್ಲಿ ಕೂತು, ಸತ್ತ ಮೀನೊಂದನ್ನು ಎತ್ತಿಕೊಂಡು ಮಗು ಕಳೆದುಕೊಂಡವನ ಹಾಗೆ ಅತ್ತ.

"ನೀವು ಎಲ್ಲಿದ್ರಿ ತಾತ?" ಮೇಡಂ ಕೇಳಿದರು.

"ಮಗಳ ಊರಲ್ಲಿ. ಹೆರಿಗೆ ಆಗಿದೆ. ಎರಡು ಸಲ ರಜ ಕೇಳ್ದೆ, ತಪಾಸಣೆ ಹತ್ರ ಬಂತು, ಆಗಲ್ಲ ಅಂದ್ರು. ಮೂರು ದಿನದ ಹಿಂದೆ ಈ ಚಿಕ್ಕ ಯಜಮಾನರೇ ಕರೆದು, 'ಹೋಗ್ಬಾ ತಾತ, ಮೊಮ್ಮಗನ್ನ ನೋಡ್ಕೊಂಡು ಬಾ' ಅಂದ್ರು."

"ಮೀನಿಗೆ ಆಹಾರ ಯಾರು ಹಾಕ್ತಿದ್ರು?"

"ನಾನೇ," ಮ್ಯಾನೇಜರು ಮಧ್ಯೆ ಬಾಯಿ ಹಾಕಿದ. "ನಿನ್ನೆ ಸಂಜೆನೂ ಹಾಕಿದೀನಿ. ಎಲ್ಲಾ ಮೇಲೆದ್ದು ಬಂದು ತಿಂದ್ವು. ಚೆನ್ನಾಗೇ ಇದ್ವು."

"ಬೇರೆ ಯಾರಾದ್ರೂ ನೋಡಿದಾರಾ? ಅತಿಥಿಗಳು?"

"ಇಲ್ಲ. ಮೆಟ್ಟಿಲು ದುರಸ್ತಿ ಅಂತ ಹಗ್ಗ ಕಟ್ಟಿಸಿದ್ದೆ."

ನಾವು ಆಗಲೇ ಎರಡು ಸಲ ಆ ಮೆಟ್ಟಿಲು ಇಳಿದಿದ್ದೆವು. ಒಂದು ಕಲ್ಲೂ ಅಲುಗಿರಲಿಲ್ಲ. ಮೇಡಂ ನನ್ನತ್ತ ನೋಡಿದರು. ನನ್ನ ಅನುಮಾನ ಮೆಲ್ಲಗೆ ಜಾಗ ಬದಲಿಸಿತು.

ಅವರು ಪೆಟ್ಟಿಗೆಯಿಂದ ಕೆಂಪು ಬಣ್ಣದ ಪುಡಿಯ ಪೊಟ್ಟಣ ತೆಗೆದು ನನ್ನ ಕೈಗಿತ್ತರು. "ಹೊಸ ಕುಟೀರದ ಬಚ್ಚಲಿಗೆ ಇದನ್ನ ಹಾಕಿ ಎರಡು ಬಕೆಟ್ ನೀರು ಸುರೀರಿ. ಸುರಿದ ಕೂಡಲೇ ಒಂದು ಕೂಗು ಹಾಕಿ."

"ಅಲ್ಲಿ ಅತಿಥಿಗಳಿದಾರೆ!" ಮ್ಯಾನೇಜರು ಅಡ್ಡ ಬಂದ. "ಯಾಕ್ ಬೇಕು ಇದೆಲ್ಲ?"

"ಎರಡೇ ನಿಮಿಷದ ಕೆಲಸ. ಯಾಕೆ, ಹೆದರಿಕೆನಾ?"

ಅವನು ಪಕ್ಕಕ್ಕೆ ಸರಿದ.

ನಾನು ಸುರಿದೆ, ಕೂಗಿದೆ, ಓಡಿ ಬಂದೆ. ಅಷ್ಟರಲ್ಲಿ ಅಕ್ಕ ತಾತನ ಹೆಗಲು ಹಿಡಿದು, ಹಲ್ಲು ಕಚ್ಚಿಕೊಂಡು ಕೆಳಗಿಳಿದಿದ್ದರು. ದೊಡ್ಡಮ್ಮನೂ ಒದ್ದೆ ಕೈಯಲ್ಲೇ ಬಂದು ನಿಂತಿದ್ದಳು. ಎಲ್ಲರೂ ನೀರನ್ನೇ ನೋಡುತ್ತಿದ್ದರು.

ಒಂದು ನಿಮಿಷ. ಎರಡು. ಮೂರು —

ಕೊಳದ ಮೂಲೆಯಲ್ಲಿ, ಜೋಡಿಸಿಟ್ಟ ಕಲ್ಲುಗಳ ಸಂದಿನಿಂದ, ಕೆಂಪು ನೀರು ಬುಳುಬುಳು ಹೊರಬಂತು.

"ಅಯ್ಯೋ!" ಎಂದರು ಅಕ್ಕ.

"ಜೊಂಡಿನ ಮಡಿ ದಾಟಿ ಬರೋಕೆ ಮೂರು ದಿನ ಬೇಕು," ಎಂದರು ಮೇಡಂ. "ಇದು ಬಂದಿದ್ದು ನಾಲ್ಕು ನಿಮಿಷದಲ್ಲಿ. ಹೊಸ ಆರು ಕುಟೀರಗಳ ಹೊಲಸು ಸೋಸದೇ ನೇರ ಕೊಳಕ್ಕೆ ಬೀಳ್ತಿದೆ. ಮೀನುಗಳನ್ನ ಕೊಂದಿದ್ದು ಬ್ಲೀಚಿಂಗ್ ಪುಡಿ ಅಲ್ಲ, ಕಲ್ಲಿನ ಹಿಂದೆ ಬಚ್ಚಿಟ್ಟ ಈ ಕೊಳವೆ."

"ಮತ್ತೆ ಪುಡಿ ಯಾಕೆ?" ನಾನು ಕೇಳಿದೆ.

"ನಾವೆಲ್ಲ ಘಾಟಿನ ಕಡೆ ಗಮನ ಕೊಟ್ವಿ, ಮೀನುಗಳನ್ನ ಸರಿಯಾಗಿ ನೋಡ್ಲಿಲ್ಲ. ಮೀನು ಸತ್ತ ತಕ್ಷಣ ಹೀಗೆ ಉಬ್ಬಿ ತೇಲಲ್ಲ. ಸಾಮಾನ್ಯವಾಗಿ ಮುಳುಗತ್ತೆ. ಒಳಗೆ ಕೊಳೆತು ಗಾಳಿ ತುಂಬಿದ ಮೇಲೆ ಮೇಲೇಳತ್ತೆ, ಒಂದೆರಡು ದಿನ ಬಿಟ್ಟು. ಕಣ್ಣು ನೋಡಿ, ಬೆಳ್ಳಗೆ ಮಂಜಾಗಿವೆ. ಪುಡಿ ಮಾತ್ರ ಇನ್ನೂ ಹಸಿ. ಇವತ್ತು ಬೆಳಿಗ್ಗೆ ಸುರಿದಿದ್ದು. ಸತ್ತ ಮೀನಿಗೆ ವಿಷ ಹಾಕೋ ಅಗತ್ಯ ಯಾರಿಗೆ? ಆ ಪುಡಿ ಬಿದ್ರೆ ನೀರಿನ ಕ್ರಿಮಿಗಳು ಸಾಯ್ತವೆ, ನಮ್ಮ ಪರೀಕ್ಷೇಲಿ ಹೊಲಸು ಸಿಕ್ಕಲ್ಲ. ಜೊತೆಗೆ ತಪ್ಪು ಹೊರೋಕೆ ಒಬ್ಬಳು ಬಡಪಾಯಿ ಸಿಗ್ತಾಳೆ. ಎತ್ತಿಗೆ ಜ್ವರ, ಎಮ್ಮೆಗೆ ಬರೆ." ಅವರು ಮ್ಯಾನೇಜರನ ಕಡೆ ತಿರುಗಿದರು. "ನಿನ್ನೆ ಸಂಜೆ ಮೇಲೆದ್ದು ಬಂದು ಆಹಾರ ತಿಂದ್ವಾ? ಸತ್ತು ಎರಡು ದಿನ ಆದ ಮೀನು?"

"ನಾನು... ನಾನ್ಯಾಕೆ ಸುರೀಲಿ? ಸಾಕ್ಷಿ ಏನಿದೆ?"

ದೊಡ್ಡಮ್ಮ ಮುಂದೆ ಬಂದಳು. ಅವನ ಕಪ್ಪು ಪ್ಯಾಂಟಿನ ಅಂಚಿಗೆ ಬೆರಳು ಮಾಡಿದಳು. ಅಲ್ಲಿ ಕೆಂಬಣ್ಣದ ಚುಕ್ಕೆಗಳಿದ್ದವು. ನಾನಂತೂ ಕೆಸರೆಂದೇ ತಿಳಿದಿದ್ದೆ.

"ಮೂವತ್ತು ವರ್ಷ ಕಲೆ ತೆಗೆದವಳು ನಾನು," ಎಂದಳು. "ಅದು ಕೆಸರಲ್ಲ ಸ್ವಾಮಿ. ಪುಡಿ ಬಟ್ಟೆಯ ಬಣ್ಣ ತಿಂದಿರೋದು. ಎಷ್ಟು ಒಗೆದ್ರೂ ಹೋಗಲ್ಲ."

ಅವನು ಅಪ್ರಯತ್ನವಾಗಿ ಕಾಲು ಹಿಂದೆ ಎಳೆದುಕೊಂಡ.

"ಹೌದೇನೋ?" ಅಕ್ಕ ತಮ್ಮನನ್ನು ಕೇಳಿದರು.

"ಮಡಿಗೆ ಹೋಗೋ ದಾರೀಲಿ ಬಂಡೆ ಅಡ್ಡ ಬಂತು ಅಕ್ಕಾ. ಒಡೆಯೋಕೆ ಇನ್ನೆರಡು ತಿಂಗಳು ಬೇಕಿತ್ತು. ಕುಟೀರಗಳು ಆಗಲೇ ಬುಕ್ ಆಗಿಹೋಗಿದ್ವು. ಆಮೇಲೆ ಸರಿ ಮಾಡ್ಸೋಣ ಅಂದ್ಕೊಂಡೆ. ಮೀನು ಮೇಲೆ ಬಂದು ಬಾಯಿ ಬಿಡೋಕೆ ಶುರು ಮಾಡಿದಾಗ ಏನೂ ತೋಚಲಿಲ್ಲ. ತಾತನ್ನ ಕಳಿಸ್ದೆ..."

"ನನಗೆ ಹೇಳ್ಬಹುದಿತ್ತಲ್ಲೋ. ಬೈತಿದ್ದೆ. ಅಷ್ಟೇ ತಾನೆ?"



ಮೇಡಂ ತಮ್ಮ ಕಾಗದಗಳನ್ನು ಮಡಚಿ ಪೆಟ್ಟಿಗೆಗೆ ಹಾಕಿದರು. "ಈ ವರ್ಷ ಮುದ್ರೆ ಇಲ್ಲ ಅಕ್ಕಾ. ಕ್ಷಮಿಸಿ."

"ಕೊಟ್ಟಿದ್ರೂ ನಾನು ತಗೋತಿರಲಿಲ್ಲ." ಅಕ್ಕ ತಮ್ಮನ ಮುಖ ನೋಡದೆ ಹೇಳಿದರು: "ಹೊಸ ಕುಟೀರಗಳ ಅತಿಥಿಗಳನ್ನ ಇವತ್ತೇ ಬೇರೆ ಕಡೆ ಕಳಿಸು. ಬೀಗದ ಕೈಗಳನ್ನ ತಾತನ ಕೈಗೆ ಕೊಡು. ಆಮೇಲೆ ನೀನೂ ಮನೆಗೆ ಹೋಗು. ನಾನು ಕರೆಯೋವರೆಗೂ ಬರಬೇಡ."

ಆಮೇಲೆ ದೊಡ್ಡಮ್ಮನ ಕಡೆ ತಿರುಗಿದರು. "ದೊಡ್ಡಮ್ಮ, ತಪ್ಪಾಯ್ತು. ನೀವು ಎಲ್ಲೂ ಹೋಗಬೇಡಿ."

ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಅವಳ ಬೆರಳುಗಳು ನಿಜವಾಗಿಯೂ ಬಿರಿದಿದ್ದವು.

"ಹೋಗಲ್ಲ ಅಕ್ಕಾ. ಆದ್ರೆ ಅಡುಗೆಯವರು, ಕೆಲಸದವರು, ಅತಿಥಿಗಳು — ಎಲ್ಲರ ಬಾಯಲ್ಲೂ ಈಗ ನಾನೇ ವಿಷ ಹಾಕಿದವಳು. ಇಲ್ಲಿ ಕೊಳದ ಹತ್ರ ಹೇಳಿದ್ರೆ ಅವರಿಗೆ ಕೇಳ್ಸುತ್ತಾ?"

ಅಕ್ಕ ಕೋಲನ್ನು ತಾತನಿಗೆ ಕೊಟ್ಟು, ದೊಡ್ಡಮ್ಮನ ಒದ್ದೆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಇಬ್ಬರೂ ಒಂದೊಂದೇ ಮೆಟ್ಟಿಲು ಹತ್ತುತ್ತ ಊಟದ ಮನೆಯ ಕಡೆ ನಡೆದರು.