ರೀಸೆಟ್ ಒತ್ತಿದವಳು

ಲೋಹಿತಾ ಬಾಗಿಲು ತೆಗೆದಾಗ ನೆಟ್ ರಿಪೇರಿಯ ಮಲ್ಲೇಶ್ ಎಂದಿನಂತೆ ನಗಲಿಲ್ಲ. ಬೂಟು ಕಳಚಿ, ನೇರ ಟೀವಿ ಪಕ್ಕದ ರೂಟರ್ ಮುಂದೆ ಹೋಗಿ ಕೂತ. ಅವನು ನೋಡಲಿ ಅಂತಲೇ ಹಾಕಿಕೊಂಡಿದ್ದ ಹೊಸ ಹಸಿರು ಚೂಡಿದಾರ ದಂಡವಾಯಿತಲ್ಲ ಎಂದು ಅವಳಿಗೆ ಒಳಗೊಳಗೇ ಸಿಟ್ಟು ಬಂತು.

"ನೆಟ್ ಮತ್ತೆ ಹೋಯ್ತಾ ಮೇಡಂ?"

"ಹೂಂ. ಬೆಳಗ್ಗೆಯಿಂದ ಇಲ್ಲ."

ಸುಳ್ಳು. ನೆಟ್ ತಾನಾಗಿ ಹೋಗಿರಲಿಲ್ಲ, ಇವಳೇ ಕಳಿಸಿದ್ದಳು. ರೂಟರ್ ಹಿಂದೆ ರೀಸೆಟ್ ಅಂತ ಒಂದು ಸಣ್ಣ ತೂತಿದೆ. ಅದರೊಳಗೆ ಪಿನ್ನು ಇಟ್ಟು ಸ್ವಲ್ಪ ಹೊತ್ತು ಒತ್ತಿದರೆ ಹೆಸರು, ಪಾಸ್‌ವರ್ಡ್ ಎಲ್ಲ ಅಳಿಸಿಹೋಗಿ ಡಬ್ಬಿ ಅಂಗಡಿಯಿಂದ ಬಂದಾಗ ಇದ್ದಂತೆ ಆಗುತ್ತದೆ. ಆಮೇಲೆ ಕಂಪ್ಲೇಂಟ್ ಕೊಟ್ಟರೆ ಆಯಿತು, ಕೊರಟಗೆರೆಯಿಂದ ಕೊಳಾಲಕ್ಕೆ ಮಲ್ಲೇಶನ ಬೈಕು ಬರುತ್ತದೆ. ಮನೆಯಲ್ಲೇ ಕೂತು ಆನ್‌ಲೈನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವ ಹುಡುಗಿಗೆ ಈ ಲೆಕ್ಕ ಸುಲಭವಾಗಿಯೇ ಹೊಳೆದಿತ್ತು.

ಮಲ್ಲೇಶ್ ಲ್ಯಾಪ್‌ಟಾಪಿಗೆ ವೈರ್ ಸಿಕ್ಕಿಸಿ ಸೆಟ್ಟಿಂಗ್ಸ್ ತೆರೆದ. "ಸೆಕ್ಯುರಿಟಿ ಗಟ್ಟಿ ಮಾಡಿದೀನಿ. ಪಾಸ್‌ವರ್ಡ್ ನೀವೇ ಹಾಕಿ. ಫೋನ್ ನಂಬರ್ ಬೇಡ, ಊರಿಗೆಲ್ಲ ಗೊತ್ತಿರುತ್ತೆ," ಎಂದು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

ಪಾಸ್‌ವರ್ಡ್ ಹಾಕುವಾಗ ಈ ಹುಡುಗ ಎಂದೂ ನೋಡುವವನಲ್ಲ. ಅವಳು ಮೊದಲು ಸೋತದ್ದು ಆ ಮರ್ಯಾದೆಗೇ. ಅವನು ಗೋಡೆ ನೋಡುವಾಗ ಅವನನ್ನು ಎಷ್ಟು ಬೇಕಾದರೂ ನೋಡಬಹುದಿತ್ತು. ಬಿಸಿಲಿಗೆ ಕಪ್ಪಾದ ಆ ಕತ್ತು, ಹೆಲ್ಮೆಟ್ಟಿಗೆ ಅಂಟಿ ಮಲಗಿದ ಆ ಕೂದಲು.

"ಈ ಸೆಟ್ಟಿಂಗ್ಸ್ ತೆಗೆಯೋ ಅಡ್ಮಿನ್ ಪಾಸ್‌ವರ್ಡ್ ಬದ್ಲಾಯ್ಸೋದೂ ಕಲ್ತ್ಕೊಂಡ್ಬುಡಿ ಮೇಡಂ. ಸೋಮವಾರದಿಂದ ನಾನು ಬರಲ್ಲ."

"ಯಾಕೆ?"

"ಪಾವಗಡಕ್ಕೆ ಹಾಕ್ಬುಟ್ಟವ್ರೆ. ಒಂದೇ ಮನೆಯಿಂದ ಮೇಲಿಂದ ಮೇಲೆ ಕಂಪ್ಲೇಂಟ್ ಬಂದ್ರೆ ಕೆಲ್ಸ ಸರಿಯಾಗಿ ಮಾಡಿಲ್ಲ ಅಂತ."

ಅವಳ ಬೆರಳು ನಿಂತುಹೋಯಿತು. ಅವನನ್ನು ಕರೆಸಿಕೊಳ್ಳಲು ಕೊಟ್ಟ ಒಂದೊಂದು ಕಂಪ್ಲೇಂಟೂ ಅವನನ್ನೇ ದೂರ ತಳ್ಳಿತ್ತು. ಸುಮ್ಮನಿದ್ದರೆ ಅವನು ಹೋಗುತ್ತಾನೆ, ಬಾಯಿಬಿಟ್ಟರೆ ಮಾನ ಹೋಗುತ್ತದೆ. ಸಾಲದ್ದಕ್ಕೆ ಅಡುಗೆಮನೆಯಲ್ಲಿ ಅಮ್ಮ ಇದ್ದಾಳೆ.

"ನಿಮ್ಮ ಸೂಪರ್‌ವೈಸರ್ ನಂಬರ್ ಕೊಡಿ."

"ಬಸವೇಶ್ ಸಾರ್‌ದಾ? ಯಾಕೆ?"

"ಕೊಡಿ ಅಂದ್ರೆ ಕೊಡಿ."

ಅವನು ಹೇಳಿದ ನಂಬರಿಗೆ ಕೂಡಲೇ ಫೋನ್ ಮಾಡಿದಳು. "ಸಾರ್, ಕೊಳಾಲದಿಂದ ಲೋಹಿತಾ ಮಾತಾಡ್ತಿರೋದು. ಮಲ್ಲೇಶ್ ಅವ್ರ ಕೆಲ್ಸದಲ್ಲಿ ತಪ್ಪಿಲ್ಲ. ಪ್ರತಿ ಸಲ ರೀಸೆಟ್ ಒತ್ತಿದ್ದು ನಾನೇ."

"ಯಾಕಮ್ಮ ಒತ್ತಿದ್ದು?"

ಅವಳು ಮಲ್ಲೇಶನನ್ನು ನೋಡಿದಳು. ಅವನು ಇನ್ನೂ ಗೋಡೆಯನ್ನೇ ನೋಡುತ್ತಿದ್ದ, ಆದರೆ ಕಿವಿ ಕೆಂಪಾಗಿತ್ತು.

"ಅವ್ರು ಬರ್ಲಿ ಅಂತ."

ಆ ಕಡೆ ಬಸವೇಶ್ ಗಂಟಲು ಸರಿಮಾಡಿಕೊಂಡರು. "ನಮ್ಮ ಸಿಸ್ಟಮಲ್ಲಿ ಅದಕ್ಕೆ ಆಪ್ಷನ್ ಇಲ್ಲ ಕಣಮ್ಮ. ಕಸ್ಟಮರ್ ಕಡೆಯಿಂದ ಆಗಿದ್ದು ಅಂತ ಹಾಕ್ತೀನಿ. ಪಾವಗಡಕ್ಕೆ ಬೇರೆಯವ್ರನ್ನ ಕಳಿಸ್ತೀನಿ. ಇನ್ಮೇಲೆ ಅದನ್ನ ಮುಟ್ಬೇಡ."

ಅವಳಿಗೆ ಹೋದ ಜೀವ ಬಂದಂತಾಯಿತು. ಫೋನ್ ಇಟ್ಟು ಅಲ್ಲೇ ದಿವಾನದ ಮೇಲೆ ಕೂತಳು.

"ನಂಗೆ ಗೊತ್ತಿತ್ತು," ಎಂದ ಮಲ್ಲೇಶ್ ಮೆಲ್ಲಗೆ. "ಲೈನ್ ಕೆಟ್ರೆ ಹೆಸ್ರು, ಪಾಸ್‌ವರ್ಡ್ ಹೆಂಗೆ ಅಳಿಸೋಗುತ್ತೆ? ಎರಡನೇ ಸಲವೇ ತಿಳೀತು."

"ಮತ್ತೆ ಅವ್ರಿಗ್ಯಾಕೆ ಹೇಳ್ಲಿಲ್ಲ?"

"ನಿಮ್ಮ ಮೇಲೆ ತಪ್ಪು ಹಾಕೋಕೆ ಮನಸ್ಸು ಬರ್ಲಿಲ್ಲ. ಆಮೇಲೆ ನೀವು ಕರೆಯೋದೂ ನಿಲ್ಲಿಸ್ಬುಡ್ತಿದ್ರಿ."

ಅವಳಿಗೆ ಕಣ್ಣು ತುಂಬಿ ಬಂತು, ನಗುವೂ ಬಂತು.

ಅಷ್ಟರಲ್ಲಿ ಅಮ್ಮ ಜಗದಾಂಬ ಸೌಟು ಹಿಡಿದೇ ಹೊರಗೆ ಬಂದರು. "ಹಂಗಾದ್ರೆ ಆ ಡಬ್ಬಿ ಸರಿಯಾಗೇ ಇತ್ತೇನೆ? ಯಾರದೋ ಕಣ್ಣು ಬಿದ್ದೈತೆ ಅಂತ ನಾನು ಉಪ್ಪು, ಮೆಣಸಿನಕಾಯಿ ನಿವಾಳಿಸಿ ನಿವಾಳಿಸಿ ಒಲೆಗೆ ಹಾಕಿದ್ನಲ್ಲೇ."

ಲೋಹಿತಾ ತಲೆ ತಗ್ಗಿಸಿದಳು. ಅಮ್ಮ ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಯಾವೂರಪ್ಪ ನಿಂದು?"

"ತಾವರೆಕೆರೆ ಅಮ್ಮ. ಚನ್ನಮಲ್ಲಯ್ಯನವ್ರ ಮಗ."

"ನಿಮ್ಮಪ್ಪಂದು ನಂಬರ್ ಹೇಳು. ಇವಳಪ್ಪನ ಕೈಲಿ ಮಾತಾಡಿಸ್ತೀನಿ."

ಮಲ್ಲೇಶ್ ಎದ್ದು ನಿಂತು ಹೇಳತೊಡಗಿದ. ನಡುವೆ ತಪ್ಪಿತು. ಮತ್ತೆ ಮೊದಲಿನಿಂದ ಶುರುಮಾಡಿದ, ಮತ್ತೆ ತಪ್ಪಿದ. ಲೋಹಿತಾ ದುಪಟ್ಟಾ ಬಾಯಿಗೆ ಅಡ್ಡ ಹಿಡಿದು ನಕ್ಕಳು.

"ಫೋನ್ ನೋಡ್ಕೊಂಡು ಹೇಳಿ, ಮಲ್ಲೇಶ್," ಎಂದಳು. ಎದುರಿಗೆ ಹೆಸರು ಹಿಡಿದು ಕರೆದದ್ದು ಅದೇ ಮೊದಲು.