ಸ್ಕ್ರೂ ಮೇಲಿನ ನೇಲ್ ಪಾಲಿಶ್

ಆ ದಿನ ನಾನು ನಾಲ್ಕನೇ ಸಲ ಟೂಲ್ ರೂಮಿಗೆ ಹೋಗಲಿಲ್ಲ. ಹೋಗಬೇಕಿತ್ತು. ಬೆಳಗಿನಿಂದ ಮೂರು ಸಲ ಸುಳ್ಳು ನೆಪ ಹೇಳಿಕೊಂಡು ಹೋಗಿದ್ದವನು, ನಿಜವಾಗಿ ಕೆಲಸ ಬಿದ್ದಾಗ ನಾಚಿಕೊಂಡು ಮೆಷಿನ್ ಮುಂದೆಯೇ ನಿಂತುಬಿಟ್ಟೆ. ನನ್ನ ಮಾನ ಹೋಗಿದ್ದು ಅಲ್ಲಿಂದ ಶುರು.

ನಾನು ಲೋಹ ಹೆರೆಯುವ ಮಿಲ್ಲಿಂಗ್ ಮೆಷಿನ್ ನಡೆಸುವವನು. ನನ್ನ ಕಟರ್ ಎಂದರೆ ಅಂಗೈ ಅಗಲದ ಉಕ್ಕಿನ ಬಿಲ್ಲೆ. ಅದರ ಅಂಚಿನ ಸುತ್ತ ಎಂಟು ಗೂಡು, ಗೂಡಿಗೊಂದು ಉಕ್ಕಿಗಿಂತ ಗಟ್ಟಿಯಾದ ಕಾರ್ಬೈಡ್ ಹಲ್ಲು. ಹಲ್ಲು ಉಗುರಿನಷ್ಟೇ ದೊಡ್ಡದು, ಚೌಕ, ನಡುವೆ ತೂತು, ತೂತಿನಲ್ಲಿ ಒಂದು ಪುಟ್ಟ ಸ್ಕ್ರೂ. ಒಂದು ಮೂಲೆ ಸವೆದರೆ ಸ್ಕ್ರೂ ಬಿಚ್ಚಿ, ಹಲ್ಲನ್ನು ತಿರುಗಿಸಿ, ಹೊಸ ಮೂಲೆಯನ್ನು ಮುಂದಕ್ಕೆ ತಂದು ಮತ್ತೆ ಬಿಗಿಯಬೇಕು. ಅದು ಟೂಲ್ ರೂಮಿನವಳ ಕೆಲಸ.

ಅವಳನ್ನು ಎಲ್ಲರೂ ಗೆರೆ ಮೇಡಂ ಎನ್ನುತ್ತಿದ್ದರು. ಸಣ್ಣ ಬ್ರಷ್ಷಿನಲ್ಲಿ ಗೂಡು ಗುಡಿಸಿ, ಉಫ್ ಎಂದು ಊದಿ, ಬೆರಳ ತುದಿ ಆಡಿಸಿ ನೋಡಿ, ಹಲ್ಲನ್ನು ಹೆಬ್ಬೆರಳಿನಿಂದ ಗೂಡಿನ ಗೋಡೆಗೆ ಒತ್ತಿ ಹಿಡಿಯುತ್ತಿದ್ದಳು. ಬಿಗಿತ ಸಾಕಾದಾಗ ತಾನಾಗಿ ಟಿಕ್ ಎನ್ನುವ ಒಂದು ಕೀ ಅವಳ ಬಳಿ ಇತ್ತು. ಆ ಟಿಕ್ ಆದ ಮೇಲೆ ತನ್ನ ಕೆಂಪು ನೇಲ್ ಪಾಲಿಶ್ ತೆಗೆದು, ಸ್ಕ್ರೂ ತಲೆಯಿಂದ ಕಟರ್ ಮೈವರೆಗೆ ಒಂದು ಗೆರೆ ಎಳೆಯುತ್ತಿದ್ದಳು. ಅದು ಅವಳ ಶೋಕಿ ಎಂದೇ ನಾವೆಲ್ಲ ತಿಳಿದಿದ್ದೆವು.

“ಕಟರ್‌ಗೂ ಅಲಂಕಾರನಾ?” ಎಂದು ಒಮ್ಮೆ ಕೇಳಿದ್ದೆ.

“ಯಾಕಂತ ಗೊತ್ತಾಗೋ ದಿನ ಗೊತ್ತಾಗತ್ತೆ ಬಿಡಿ,” ಎಂದಿದ್ದಳು, ಗೆರೆಯ ಮೇಲಿನ ಕಣ್ಣು ತೆಗೆಯದೆ.

ಅವಳನ್ನು ನೋಡುವುದಕ್ಕೆ ನಾನು ಸವೆಯದ ಹಲ್ಲನ್ನೂ ಸವೆದಿದೆ ಎಂದು ಕಟರ್ ಇಳಿಸಿ ಒಯ್ಯುತ್ತಿದ್ದೆ. ಟೂಲ್ ರೂಮಿನ ಕಿಟಕಿಯಷ್ಟೇ ತೆರೆದಿರುತ್ತಿತ್ತು. ನಾನು ಈಚೆ, ಅವಳು ಆಚೆ.

“ಮತ್ತೆ ಸವೆದುಹೋಯ್ತಾ?”

“ಹೂಂ. ಇವತ್ತಿನ ಕಾಸ್ಟಿಂಗ್ ತುಂಬ ಗಟ್ಟಿ.”

ಅವಳು ಹಲ್ಲನ್ನು ಬಿಚ್ಚಿ ಭೂತಗನ್ನಡಿಯ ಕೆಳಗೆ ಹಿಡಿಯುವಳು. ಆಮೇಲೆ ಗಾಜಿನ ಮೇಲಿಂದ ಕಣ್ಣೆತ್ತಿ ನನ್ನನ್ನು ನೋಡುವಳು. ತುಟಿಯ ಒಂದು ತುದಿ ಮಾತ್ರ ಮೇಲೇಳುವುದು. “ಪಾಪ, ಗಟ್ಟಿನೇ ಇರಬೇಕು,” ಎಂದು ಹೊಸದೊಂದನ್ನು ಕೂರಿಸಿ, ಗೆರೆ ಎಳೆದು ಕೊಡುವಳು. ಅಷ್ಟಕ್ಕೇ ನನ್ನ ಮಧ್ಯಾಹ್ನ ಕಳೆದುಹೋಗುತ್ತಿತ್ತು.

ಆ ದಿನ ಮೂರನೇ ಸಲ ಹೋಗಿ ಬಂದಾಗ, ಪಕ್ಕದ ಮೆಷಿನ್ನಿನ ಲೇತ್ ಅಣ್ಣ ಇಡೀ ಶೆಡ್ಡಿಗೆ ಕೇಳುವಂತೆ ಹೇಳಿದ. “ಏನಪ್ಪಾ, ನಿನ್ನ ಚಪ್ಪಲಿ ಸವೀತಿದ್ಯೋ, ಹಲ್ಲು ಸವೀತಿದ್ಯೋ?” ಎಲ್ಲರೂ ನಕ್ಕರು. ಕಿಟಕಿಯ ಒಳಗೂ ಒಂದು ನಗು ಕೇಳಿಸಿತು. ನನ್ನ ಕಿವಿ ಬಿಸಿಯಾಯಿತು.

ಅರ್ಧ ಗಂಟೆಯಲ್ಲಿ ಎರಡು ಹಲ್ಲು ನಿಜವಾಗಿಯೂ ಸವೆದವು. ಮತ್ತೆ ಹೋದರೆ ಏನೆಂದಾರು? ಕಟರನ್ನು ಮೆಷಿನ್ನಿನಿಂದ ಇಳಿಸಲೂ ಇಲ್ಲ. ಡ್ರಾಯರ್‌ನಲ್ಲಿದ್ದ, ತುದಿ ಮೊಂಡಾದ ಹಳೇ ಕೀ ತೆಗೆದು ಎರಡೂ ಸ್ಕ್ರೂ ಸಡಿಲಿಸಿ, ಹಲ್ಲು ತಿರುಗಿಸಿ, ಕೈ ಅಂದಾಜಿಗೆ ಬಿಗಿದೆ. ಗೂಡು ಗುಡಿಸಲಿಲ್ಲ, ಊದಲಿಲ್ಲ, ಬೆರಳು ಆಡಿಸಲಿಲ್ಲ. ಕೂದಲೆಳೆಯಷ್ಟು ಲೋಹದ ಚೂರು ಹಲ್ಲಿನ ಕೆಳಗೆ ಕೂತಿರಬೇಕು. ಅದರ ಮೇಲೆ ಬಿಗಿದದ್ದು ಬಿಗಿಯಾದಂತೆ ಕಾಣುತ್ತದೆ, ಅಷ್ಟೇ.

ಹತ್ತು ನಿಮಿಷಕ್ಕೆ ಢಣ್ ಎಂದಿತು. ಒಂದು ಹಲ್ಲು ಹಾರಿ ಮೆಷಿನ್ ಬಾಗಿಲ ಗಾಜಿಗೆ ಬಡಿದು ಸೀಳು ಬಿಟ್ಟಿತು. ನಾನು ಮೆಷಿನ್ ನಿಲ್ಲಿಸುವಷ್ಟರಲ್ಲಿ ಬರಿದಾದ ಗೂಡು, ಎರಕ ಹೊಯ್ದ ಪಂಪಿನ ಕಾಸ್ಟಿಂಗ್ ಮೇಲೆ ಉಜ್ಜಿ, ಬೆರಳು ಇಳಿಯುವಷ್ಟು ಆಳದ ಗೀರು ಎಳೆಯಿತು. ನಾಲ್ಕು ಜನ ಮೂರು ವಾರ ದುಡಿದ ಕಾಸ್ಟಿಂಗ್ ಅದು. ಯಾರಿಗೂ ಪೆಟ್ಟಾಗಲಿಲ್ಲ ಎನ್ನುವುದೊಂದೇ ಪುಣ್ಯ.

ಫೋರ್‌ಮನ್ ಓಡಿ ಬಂದರು. ಅವರು ಅವಳ ಸೋದರಮಾವ. ಅವಳನ್ನು ಕೆಲಸಕ್ಕೆ ಸೇರಿಸಿದವರೂ ಅವರೇ. ಯಾರೂ ಬೆರಳು ತೋರಿಸಬಾರದೆಂದು ಎಲ್ಲರಿಗಿಂತ ಅವಳ ಮೇಲೇ ಅವರ ಕಣ್ಣು ಕೆಂಪಗಿರುತ್ತಿತ್ತು.

“ಕಟರ್ ಯಾರು ಕಟ್ಟಿದ್ದು?”

“ಟೂಲ್ ರೂಮಿಂದ ಬಂದಿದ್ದು ಸರ್,” ಎಂದೆ.

ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅಂಥ ಹೊಲಸು ನಿಜವನ್ನು ನಾನು ಜೀವನದಲ್ಲಿ ಬೇರೆ ಹೇಳಿಲ್ಲ.

ಅವಳು ಬಂದಳು. ಕಟರನ್ನು ಕೈಗೆ ತೆಗೆದುಕೊಂಡು ನಿಧಾನವಾಗಿ ತಿರುಗಿಸಿದಳು. ಒಂದು ಕಡೆ ಅವಳ ಹೆಬ್ಬೆರಳು ನಿಂತಿತು. ಕಣ್ಣೆತ್ತಿ ನನ್ನನ್ನು ನೋಡಿದಳು. ನಾನು ನನ್ನ ಬೂಟು ನೋಡಿಕೊಂಡೆ.

“ಸರಿಯಾಗಿ ಬಿಗಿದಿದ್ಯಾ?” ಮಾವ ಕೇಳಿದರು.

“ನಾನು ಬಿಗಿದಿದ್ದು ಸರಿಯಾಗೇ ಇತ್ತು ಮಾವ.”

“ಸರಿ ಇದ್ದಿದ್ರೆ ಹಾರ್ತಿತ್ತಾ? ನಾಳೆಯಿಂದ ಫೈಲಿಂಗ್ ಟೇಬಲ್‌ಗೆ ಹೋಗು.”

ಅವಳು ತಿರುಗಿ ನನ್ನ ಬಾಯಿಯನ್ನೇ ನೋಡಿದಳು. ಅದು ತೆರೆಯಲಿಲ್ಲ.

ಫೈಲಿಂಗ್ ಟೇಬಲ್ ಎಂದರೆ ಶೆಡ್ಡಿನ ಕೊನೆಯ ಮೂಲೆ. ತಯಾರಾದ ಜಾಬುಗಳ ಚೂಪು ಅಂಚನ್ನು ಅರದಿಂದ ಉಜ್ಜಿ ತೆಗೆಯುವ ಕೆಲಸ. ಕೂದಲೆಳೆ ಲೆಕ್ಕದಲ್ಲಿ ಕೆಲಸ ಮಾಡಿದ ಕೈಗೆ ಅರ ಕೊಟ್ಟಿದ್ದರು. ಮೂರನೇ ದಿನಕ್ಕೆ ಅವಳ ಬೆರಳುಗಳಿಗೆ ಪ್ಲಾಸ್ಟರ್ ಬಂತು, ಉಗುರಿನ ಬಣ್ಣ ಕಿತ್ತುಹೋಯಿತು. ನೀರು ಕುಡಿಯಲು ಹೋಗುವವನು ನಾನು ಆ ದಾರಿ ಬಿಟ್ಟು ಶೆಡ್ಡನ್ನೇ ಸುತ್ತಿಕೊಂಡು ಹೋಗುತ್ತಿದ್ದೆ. ಎದುರಾದರೆ “ಚೆನ್ನಾಗಿದೀರಾ?” ಎಂದು ಅವಳು ಕೇಳಿಬಿಟ್ಟಾಳು ಎಂದು ಭಯ.

ಮನೆಯಲ್ಲಿ ಅತ್ತಿಗೆಗೆ ತಿಳಿದುಹೋಯಿತು. ತಟ್ಟೆಯಲ್ಲಿ ಬೆರಳಾಡಿಸುತ್ತಾ ಕೂತವನ ಎದುರು ಬಂದು ಕೂತರು.

“ಯಾರಿಗೋ ಏನೋ ಮಾಡಿದೀಯ. ದಿನಾ ಹೇಳ್ತಿದ್ದೆಯಲ್ಲ, ಆ ಟೂಲ್ ರೂಮಿನವಳಿಗೇನಾ?”

ಎಲ್ಲ ಹೇಳಿದೆ. ಅತ್ತಿಗೆ ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು.

“ನಂಗ್ಯಾಕೆ ಹೇಳ್ತೀಯ? ನಾನೇನು ಅಲ್ಲಿ ಅರ ಉಜ್ತಿದೀನಾ?” ಎಂದು ಎದ್ದು ಹೋದರು.

ಆದರೂ ದಿನ ದೂಡಿದೆ. ನಾಳೆ ಹೇಳೋಣ, ಫೋರ್‌ಮನ್ ಖುಷಿಯಾಗಿದ್ದಾಗ ಹೇಳೋಣ, ಊಟವಾದ ಮೇಲೆ ಹೇಳೋಣ. ಹೀಗೇ ಹಲ್ಲು ಹಾರಿ ಹತ್ತು ದಿನವಾಯಿತು. ಹನ್ನೊಂದನೇ ದಿನ ಬೆಳಗ್ಗೆ ಫೋರ್‌ಮನ್ ಎಲ್ಲರನ್ನೂ ನಿಲ್ಲಿಸಿ ನನ್ನ ಹೆಗಲ ಮೇಲೆ ಕೈಯಿಟ್ಟರು.

“ಅವತ್ತು ಇವನು ತಕ್ಷಣ ಮೆಷಿನ್ ನಿಲ್ಲಿಸದೇ ಇದ್ದಿದ್ರೆ ಕಟರ್ ತಿರುಗಿಸೋ ಸ್ಪಿಂಡಲ್ಲೇ ಹೋಗ್ತಿತ್ತು. ಇಂಥ ಹುಷಾರಿನವನು ಬೇಕು. ಟೂಲ್ ರೂಮು ಇನ್ಮೇಲೆ ಇವನದ್ದು.”

ಟಿಕ್ ಎನ್ನುವ ಆ ಕೀಯನ್ನು ನನ್ನ ಅಂಗೈಯಲ್ಲಿಟ್ಟರು. ಹಿಡಿಯ ಮೇಲೆ ಕೆಂಪು ಬಣ್ಣದ ಒಂದು ಚುಕ್ಕೆ ಇನ್ನೂ ಅಂಟಿತ್ತು. ಕೊನೆಯ ಮೂಲೆಯಲ್ಲಿ ಅರದ ಸದ್ದು ನಿಂತಿತು.

ಲೇತ್ ಅಣ್ಣ ಚಪ್ಪಾಳೆ ತಟ್ಟಿದ. ನನಗೆ ಆ ಜಾಗದಲ್ಲೇ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

“ಸರ್, ನಾನು ಬಿಗಿದಿದ್ದು,” ಎಂದೆ. “ಎರಡು ಹಲ್ಲು ನಾನೇ ತಿರುಗಿಸಿದ್ದೆ. ಗೂಡು ಗುಡಿಸಿರ್ಲಿಲ್ಲ. ಹಳೇ ಕೀ. ಅವರ ಕೆಲಸ ಸರಿಯಾಗೇ ಇತ್ತು. ನನಗೆ ಗೊತ್ತಿತ್ತು. ಅವತ್ತಿಂದ ಗೊತ್ತಿತ್ತು.”

“ಮತ್ತೆ ಇಷ್ಟು ದಿನ?”

“ಹೇಳೋಕೆ ಧೈರ್ಯ ಬರ್ಲಿಲ್ಲ ಸರ್.”

ಯಾರೂ ನಗಲಿಲ್ಲ. ಫೋರ್‌ಮನ್ ನನ್ನ ಕೈಯಿಂದ ಕೀ ಕಿತ್ತುಕೊಂಡು, ಶೆಡ್ಡಿನ ಉದ್ದಕ್ಕೂ ನಡೆದು ಹೋಗಿ ಸೊಸೆಯ ಎದುರು ನಿಂತರು. “ಅಕ್ಕನ ಮಗಳು ಅಂತಾನೇ ನಿನ್ನ ಮಾತು ಕೇಳ್ಲಿಲ್ಲ ಕಣೇ,” ಎಂದರು. ಕೀಯನ್ನು ಮೇಜಿನ ಮೇಲಿಟ್ಟು, ನನ್ನ ಕಡೆ ತಿರುಗಿ ಅರ ತೋರಿಸಿದರು. ನಾನು ಹೋಗಿ ಅವಳು ಎದ್ದ ಸ್ಟೂಲಿನ ಮೇಲೆ ಕೂತೆ. ಅದು ಇನ್ನೂ ಬೆಚ್ಚಗಿತ್ತು.

ಟೀ ಹೊತ್ತಿಗೆ ಅವಳು ಬಂದಳು. ಬಟ್ಟೆಯಲ್ಲಿ ಸುತ್ತಿದ್ದ ಆ ಕಟರನ್ನು ನನ್ನ ಎದುರು ಬಿಚ್ಚಿಟ್ಟಳು. ಒಂದು ಗೂಡು ಜಜ್ಜಿಹೋಗಿತ್ತು. ಉಳಿದ ಏಳರಲ್ಲಿ ಆರು ಕೆಂಪು ಗೆರೆ ನೆಟ್ಟಗಿದ್ದವು. ಹಾರಿದ ಹಲ್ಲಿನ ಪಕ್ಕದ್ದು ಮಾತ್ರ ತುಂಡಾಗಿತ್ತು. ಸ್ಕ್ರೂ ತಲೆಯ ಮೇಲೆ ಅರ್ಧ ಒಂದು ಕಡೆ, ಕಟರ್ ಮೈಮೇಲೆ ಅರ್ಧ ಇನ್ನೊಂದು ಕಡೆ.

“ನಾನು ಬಿಗಿದ ಮೇಲೆ ಯಾರಾದ್ರೂ ಮುಟ್ಟಿದ್ರೆ ಗೆರೆ ಹೀಗಾಗತ್ತೆ. ಅಲಂಕಾರ ಅಲ್ಲ.”

“ಅವತ್ತೇ ನೋಡಿದ್ರಾ?”

“ಅವತ್ತೇ.”

“ಮಾವನಿಗೆ ತೋರಿಸಬಹುದಿತ್ತಲ್ಲ.”

“ಒಂದು ನಿಮಿಷದ ಕೆಲಸ. ಆದ್ರೆ ಆಮೇಲೆ ನಿಮ್ಮ ಮುಖ ನೋಡೋಕೆ ನಂಗೆ ಆಗ್ತಿರ್ಲಿಲ್ಲ. ನೀವಾಗೇ ಹೇಳಿದ್ರೆ ನೋಡಬಹುದು ಅಂತ ಕಾದೆ.” ಪ್ಲಾಸ್ಟರ್ ಸುತ್ತಿದ ಬೆರಳಿನಿಂದ ಕಟರನ್ನು ಮತ್ತೆ ಸುತ್ತಿದಳು. “ದಿನಾ ಬೆಳಗ್ಗೆ ಇವತ್ತು ಹೇಳ್ತಾರೆ ಅಂದ್ಕೊಂಡು ಬರ್ತಿದ್ದೆ. ನೀವು ನೀರಿಗೂ ಸುತ್ತಿಕೊಂಡು ಹೋಗ್ತಿದ್ರಿ.”

ನನಗೆ ಕಣ್ಣು ತುಂಬಿ ಬಂತು. ತಲೆ ತಗ್ಗಿಸಿಕೊಂಡೇ ಹೇಳಿದೆ. “ಅವತ್ತು ನಿಮ್ಮ ಹತ್ರ ಬರೋಕೆ ನಾಚಿಕೆ ಆಯ್ತು. ನಿಮ್ಮನ್ನ ನೋಡೋಕೇ ಅಂತ ಅಷ್ಟು ಸಲ ಬರ್ತಿದ್ದೆ. ನನಗೆ ನೀವಂದ್ರೆ ಇಷ್ಟ. ಈಗ ಹೇಳೋಕೆ ಯೋಗ್ಯತೆ ಇಲ್ಲ, ಗೊತ್ತು.”

ಅವಳು ಏಪ್ರನ್ ಜೇಬಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದು ಅಲ್ಲಾಡಿಸಿದಳು. ಗಲಗಲ ಎಂದಿತು.

“ನೀವು ಸವೆದಿದೆ ಅಂತ ತಂದುಕೊಟ್ಟ ಹಲ್ಲುಗಳು. ಮೂವತ್ನಾಲ್ಕು. ಒಂದೂ ಸವೆದಿಲ್ಲ. ನಾನು ಯಾಕೆ ತಗೋತಿದ್ದೆ ಅಂದ್ಕೊಂಡ್ರಿ?”

ನಾನು ತಲೆಯೆತ್ತಿದೆ. ತುಟಿಯ ತುದಿ ಮೇಲೇಳುತ್ತದೇನೋ ಎಂದು ನೋಡಿದೆ. ಏಳಲಿಲ್ಲ.

“ನನ್ನನ್ನ ಹನ್ನೊಂದು ದಿನ ಕಾಯಿಸಿದ್ರಿ. ನನ್ನ ಉತ್ತರಕ್ಕೆ ನೀವೂ ಹನ್ನೊಂದು ದಿನ ಕಾಯಿರಿ,” ಎಂದು ಹೋದಳು.

ಕಾದೆ. ಅರ ಉಜ್ಜಿದೆ, ನನ್ನ ಬೆರಳಿಗೂ ಪ್ಲಾಸ್ಟರ್ ಬಂತು. ಲೇತ್ ಅಣ್ಣ ಒಂದು ದಿನವೂ ತಮಾಷೆ ಮಾಡಲಿಲ್ಲ, ಅದು ಇನ್ನೂ ಕಷ್ಟವಾಯಿತು. ನೀರಿಗೆ ಮಾತ್ರ ನೇರ ದಾರಿಯಲ್ಲೇ, ಕಿಟಕಿಯ ಮುಂದೆಯೇ ಹೋಗುತ್ತಿದ್ದೆ. ಅವಳು ತಲೆಯೆತ್ತುತ್ತಿರಲಿಲ್ಲ.

ಹನ್ನೊಂದು ಕಳೆದ ಮರುದಿನ ಟೂಲ್ ರೂಮಿನ ಕಿಟಕಿಯಲ್ಲ, ಬಾಗಿಲು ತೆರೆದಿತ್ತು.

“ಒಳಗೆ ಬನ್ನಿ.”

ಮೇಜಿನ ಮೇಲೆ ಹೊಸ ಕಟರ್. ಏಳು ಹಲ್ಲು, ಏಳು ಗೆರೆ. ಎಂಟನೇ ಗೂಡು ಖಾಲಿ. ಬ್ರಷ್ಷನ್ನು ನನ್ನ ಕಡೆ ಸರಿಸಿದಳು. ನಾನು ಗುಡಿಸಿದೆ, ಊದಿದೆ, ಬೆರಳಾಡಿಸಿದೆ. ಇನ್ನೊಮ್ಮೆ ಗುಡಿಸಿದೆ. ಹಲ್ಲನ್ನು ಗೋಡೆಗೆ ಒತ್ತಿ ಹಿಡಿದು ಕೀ ತಿರುಗಿಸಿದೆ. ಟಿಕ್ ಎಂದಿತು. ಅವಳು ನೇಲ್ ಪಾಲಿಶ್ ಬಾಟಲಿಯ ಮುಚ್ಚಳ ತಿರುಗಿಸಿ ನನ್ನ ಕೈಗೇ ಕೊಟ್ಟಳು. ನಾನೆಳೆದ ಗೆರೆ ಸೊಟ್ಟಗಾಯಿತು.

“ಅಯ್ಯೋ, ಏನ್ರೀ ಇದು!” ಎಂದಳು. ಈಗ ತುಟಿಯ ತುದಿ ಎದ್ದಿತು. ಗೆರೆ ಒಣಗಲೆಂದು ಬಗ್ಗಿ ಮೆಲ್ಲಗೆ ಊದಿದಳು. ಆಮೇಲೆ ಕಟರನ್ನು ನೋಡುತ್ತಲೇ ಹೇಳಿದಳು. “ಭಾನುವಾರ ಅಮ್ಮ ಮನೇಲಿರ್ತಾರೆ. ನಿಮ್ಮ ಅತ್ತಿಗೇನ ಕರ್ಕೊಂಡು ಬನ್ನಿ.”

ಖುಷಿಯ ಬೆನ್ನಿಗೇ ಆ ಹಳೇ ನಾಚಿಕೆ ಮೈಯೆಲ್ಲ ಹತ್ತಿತು.

“ನಾನು ಮಾಡಿದ್ದು... ಅಮ್ಮನಿಗೆ ಗೊತ್ತಾ?”

“ಇಲ್ಲ. ಅಮ್ಮನಿಗೆ ಹೇಳಬೇಡಿ ಅಂತ ಮಾವನಿಗೂ ಅಂದಿದೀನಿ.” ಬಾಟಲಿಯ ಮುಚ್ಚಳ ಬಿಗಿದು ಜೇಬಿಗಿಟ್ಟುಕೊಂಡಳು. “ನೀವೇ ಹೇಳ್ತೀರ. ಈ ಸಲ ಹನ್ನೊಂದು ದಿನ ತಗೋಬೇಡಿ.”