ದೇವರ ಹಣೆಯ ಮೂರು ಗೀಟು

ಸೋಮವಾರ ಬೆಳಿಗ್ಗೆ 11.20ಕ್ಕೆ ಮಾಲಿನಿ ಕೊಳ್ಳೇಗಾಲ ಪಟ್ಟಣ ಠಾಣೆಗೆ ಬಂದು ದೂರು ಕೊಟ್ಟಳು. ಅವಳು ಊರಿನ ಪುಟ್ಟ ವಸ್ತುಸಂಗ್ರಹಾಲಯದ ಮೇಲ್ವಿಚಾರಕಿ. ಗಾಜಿನ ಪೆಟ್ಟಿಗೆಯಲ್ಲಿದ್ದ ರೋಮನ್ ಕಾಲದ ಮಣ್ಣಿನ ದೀಪ ಕಳವಾಗಿತ್ತು. ಆ ಜಾಗದಲ್ಲಿ ನಕಲಿ ಕೂತಿತ್ತು. ಎಫ್‌ಐಆರ್ ದಾಖಲಾಯಿತು.

“ಬೀಗ ಒಡೆದಿಲ್ಲ. ಕೀ ಇರೋದು ಆಯಮ್ಮನ ಹತ್ರ ಮಾತ್ರ. ಸಂಜೆಯೊಳಗೆ ದೀಪ ಸಿಗದಿದ್ರೆ ಆಯಮ್ಮನ್ನೇ ಕರ್ಕೊಂಡು ಬಾ,” ಎಂದರು ಇನ್‌ಸ್ಪೆಕ್ಟರ್ ಗುರುಪ್ರಕಾಶ್.

ಹೆಡ್ ಕಾನ್‌ಸ್ಟೇಬಲ್ ಶಿವಮ್ಮನಿಗೆ ಆ ಮಾತು ಹಿಡಿಸಲಿಲ್ಲ. ಕದ್ದವಳು ಠಾಣೆಯ ಮೆಟ್ಟಿಲು ತಾನಾಗಿ ಹತ್ತುತ್ತಾಳೆಯೇ?

“ನಕ್ಲಿ ಅಂತ ಎಂಗೆ ಗೊತ್ತಾಯ್ತವ್ವ?” ಎಂದು ಮಾಲಿನಿಯನ್ನು ಕೇಳಿದಳು.

“ದೀಪದ ಮೇಲಿರೋದು ಜ್ಯೂಪಿಟರ್, ರೋಮಿನವರ ಗುಡುಗಿನ ದೇವರು. ಇವತ್ತು ನೋಡಿದ್ರೆ ಹಣೆಗೆ ವಿಭೂತಿ ಬಂದಿದೆ.”

ಶಿವಮ್ಮ ನಗು ನುಂಗಿಕೊಂಡು, ಮಾಲಿನಿ ತಂದಿದ್ದ ನಕಲಿಯ ಮೇಲೆ ಭೂತಗನ್ನಡಿ ಹಿಡಿದಳು. ಮೂರು ಗೀಟು ಆಮೇಲೆ ಕೆರೆದದ್ದಲ್ಲ, ಹಸಿಮಣ್ಣಿನಲ್ಲೇ ಎಳೆದು ಬೇಯಿಸಿದ್ದು. ಕಳ್ಳ ಕುಂಬಾರನ ಮನೆ ತುಳಿಯದೆ ಇರಲಾರ. ಕಾಮಗೆರೆಯ ಕುಂಬಾರರನ್ನು ಕೇಳಿದಳು, ಯಾರಿಗೂ ಗೊತ್ತಿರಲಿಲ್ಲ. 2.10ಕ್ಕೆ ಹನೂರಿನ ಕುಂಬಾರ ಮಾದಣ್ಣ ಸಿಕ್ಕಿದ.

“ನಾನೇ ಮಾಡಿದ್ದು ಕಣವ್ವ,” ಎಂದ ಹೆಮ್ಮೆಯಿಂದ. “ಮಾಂಬಳ್ಳಿ ನಟರಾಜು ಮಣ್ಣಲ್ಲಿ ಅಚ್ಚೊತ್ಕಂಡು ತಂದಿದ್ದ.”

“ವಿಭೂತಿ?”

“ದೇವ್ರು ಅಂದ. ದೇವ್ರ ಅಣೆ ಬರಿದಾಗಿ ಬುಟ್ರೆ ಆಯ್ತದಾ?”

ನಟರಾಜು ಅದೇ ಸಂಗ್ರಹಾಲಯದಲ್ಲಿ ಗಾಜು ಒರೆಸುವವನು. ಒರೆಸುವಾಗ ಪೆಟ್ಟಿಗೆ ತೆರೆದಿರುತ್ತಿತ್ತು. ಯಳಂದೂರು ಠಾಣೆಗೆ ತಿಳಿಸಿ, ಮಾಲಿನಿಯನ್ನೂ ಜೀಪಿನಲ್ಲಿ ಕೂರಿಸಿಕೊಂಡು ಶಿವಮ್ಮ 4.30ಕ್ಕೆ ಅವನ ಮನೆ ಸೇರಿದಳು. ಸತ್ತ ತಂದೆಯ ಫೋಟೋದ ಮುಂದೆ, ಮಡಿಸಿದ ಟವಲಿನ ಮೇಲೆ ದೀಪವಿತ್ತು. ಕಂಡ ಕೂಡಲೇ ಮಾಲಿನಿ ಅತ್ತಳು. ಶಿವಮ್ಮನಿಗೆ ಗೆದ್ದ ಖುಷಿ ಎದೆ ತುಂಬಿತು.

“ನಕ್ಲಿ ಮೇಲೆ ವಿಭೂತಿ ಇದ್ದದ್ದು ಕಾಣ್ನಿಲ್ವೇನ್ಲಾ?”

“ಕಾಣ್ತು ಮೇಡಂ. ದೇವ್ರಿಗೆ ವಿಭೂತಿ ಇರದು ತಪ್ಪು ಅನ್ನಿಸ್ನಿಲ್ಲ.”

“ಯಾಕೆ ತಕಂಡೆ?”

“ಬಾವಿ ತೋಡುವಾಗ ಇದ್ನ ಟವಲಲ್ಲಿ ಸುತ್ಕಂಡು ಮ್ಯಾಕ್ ತಂದವ್ನು ನಮ್ಮಪ್ಪ. ಬೋರ್ಡಲ್ಲಿ ಜಮೀನು ಯಜಮಾನ್ರು ಕೆಂಪನಂಜಪ್ಪೋರ ಎಸ್ರು ಮಾತ್ರ ಅದೆ. ಆ ಬೋರ್ಡ್ನ ದಿನಾ ನಾನೇ ಒರುಸ್ತಿದ್ದೆ.”

“ಅದು ನಿಜ,” ಎಂದಳು ಮಾಲಿನಿ ತಗ್ಗಿದ ದನಿಯಲ್ಲಿ. “ನಮ್ಮ ಹಳೇ ರಿಜಿಸ್ಟರಿನಲ್ಲಿದೆ.”

5.15ಕ್ಕೆ ನಟರಾಜುವಿನ ಬಂಧನವಾಯಿತು. ಕಳ್ಳತನ ಕಳ್ಳತನವೇ, ಶಿವಮ್ಮ ಅದರಲ್ಲಿ ರಿಯಾಯಿತಿ ತೋರಲಿಲ್ಲ. ಆದರೆ ಪಂಚನಾಮೆಯಲ್ಲಿ ಸ್ವತ್ತಿನ ವಿವರ ಬರೆಯುವಾಗ ಮಾಲಿನಿಯ ಹೇಳಿಕೆಯಂತೆ ಒಂದು ಸಾಲು ಸೇರಿಸಿದಳು: ‘ಇದನ್ನು ಮೊದಲು ಮಣ್ಣಿನಿಂದ ಎತ್ತಿದವರು ಮಾಂಬಳ್ಳಿಯ ಕೂಲಿಯಾಳು ಪುಟ್ಟಮಾದಯ್ಯ.’

ನಟರಾಜು ಆ ಸಾಲನ್ನು ಎರಡು ಸಲ ಓದಿದ. ಆಮೇಲೆ ಪೆನ್ನು ಕೇಳಿ ಕೆಳಗೆ ಸಹಿ ಹಾಕಿದ.